ರೈಲು ‘ನಿಂತಲಿಲ್ಲ’: ಇಂಗ್ಲಿಷ್ ಕ್ರಿಯಾಪದದ ಕಾಲರೂಪಗಳನ್ನು ಕಲಿಸುವ ಬಗೆ

ಈ ಸಲದ ಅಭ್ಯಾಸ ಬೋಧನೆಯಲ್ಲಿ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಶಾಲೆಗಳಿಗೆ ಹೋಗಿದ್ದ ಪ್ರಶಿಕ್ಷಣಾರ್ಥಿಗಳ ಇಂಗ್ಲಿಷ್ ಪಾಠಗಳನ್ನು ವೀಕ್ಷಿಸಿದೆ. ಎಂಟನೆಯ ತರಗತಿಯ ಒಂದು ಪಾಠದಲ್ಲಿ ಹನ್ನೆರಡು ಕಾಲಗಳ ಕೋಷ್ಟಕ ಕರಿಹಲಗೆಯ ತುಂಬ ಮುದ್ದಾದ ಅಕ್ಷರದಲ್ಲಿ ಮೂಡಿತ್ತು. ಮಕ್ಕಳು ಬರೆದುಕೊಂಡರು, ಒಟ್ಟಾಗಿ ಓದಿದರು. ಕೊನೆಯ ಐದು ನಿಮಿಷದ ಮೌಲ್ಯಮಾಪನದಲ್ಲಿ ‘ನಿನ್ನೆ ರೈಲು ನಿಲ್ಲಲಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದಾಗ, ಎದ್ದ ಮೂವರೂ ‘ದ ಟ್ರೇನ್ ಡಿಡ್ ನಾಟ್ ಸ್ಟಾಪೆಡ್’ ಎಂದರು. ಕೋಷ್ಟಕದಲ್ಲಿ ತಪ್ಪಿರಲಿಲ್ಲ, ಮಕ್ಕಳೂ ದಡ್ಡರಲ್ಲ.

ಮೊದಲು ವಿಷಯವನ್ನು ಹಗುರ ಮಾಡಿಕೊಳ್ಳೋಣ. ನಿಯಮಿತ ಕ್ರಿಯಾಪದಕ್ಕೆ ಇರುವುದು ನಾಲ್ಕೇ ರೂಪ: ಸ್ಟಾಪ್, ಸ್ಟಾಪ್ಸ್, ಸ್ಟಾಪಿಂಗ್, ಸ್ಟಾಪ್ಟ್. ಕೋಷ್ಟಕದ ಹನ್ನೆರಡು ಮನೆಗಳನ್ನು ತುಂಬುವುದು ಈ ನಾಲ್ಕು ಮತ್ತು ಕೆಲವು ಸಹಾಯಕ ಕ್ರಿಯಾಪದಗಳು. ಭೂತಕಾಲದಲ್ಲಂತೂ ಇಂಗ್ಲಿಷ್ ನಮಗಿಂತ ಸುಲಭ. ನಿಂತೆನು, ನಿಂತನು, ನಿಂತಳು, ನಿಂತರು, ನಿಂತಿತು, ಎಲ್ಲಕ್ಕೂ ಒಂದೇ ಸ್ಟಾಪ್ಟ್. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುತ್ತದೆ, ಹೇಳುವುದನ್ನು ಮರೆಯಬೇಡಿ.

ಉದಾಹರಣೆಗೆ ರೈಲನ್ನು ಆರಿಸಿಕೊಳ್ಳಲು ಕಾರಣವಿದೆ. ಕಡೂರು ದಾಟಿ ಬೀರೂರು ಜಂಕ್ಷನ್ನಿಗೆ ಬಂದರೆ ದಾರಿ ಎರಡಾಗುತ್ತದೆ: ಒಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಮೂರೂ ತಾಲ್ಲೂಕಿನ ಮಕ್ಕಳಿಗೆ ನಿಲ್ಲುವ ಗಾಡಿ, ನಿಲ್ಲದ ಗಾಡಿ ಎಂದರೆ ವಿವರಣೆ ಬೇಕಿಲ್ಲ.

ಈಗ ಆ ತಪ್ಪಿಗೆ ಬರೋಣ. ‘ನಿನ್ನೆ’ ಎಂದರೆ ಇ, ಡಿ ಸೇರಿಸು ಎಂದು ನಾವೇ ಕಲಿಸಿದ್ದೇವೆ. ಮಗು ಅದನ್ನು ನಿಷ್ಠೆಯಿಂದ ಪಾಲಿಸಿದೆ, ಅಷ್ಟೆ. ‘ಡಿಡ್ ಬಂದರೆ ಮೂಲರೂಪ ಬಳಸಬೇಕು’ ಎಂಬ ನಿಯಮವನ್ನು ನೂರು ಸಲ ಬರೆಸಿದರೂ ಅದು ನಿಯಮವಾಗಿಯೇ ಉಳಿಯುತ್ತದೆ. ಅದರ ಬದಲು ಕನ್ನಡದಲ್ಲೇ ಒಂದು ತಪ್ಪು ವಾಕ್ಯ ಹೇಳಿ: ‘ನಿನ್ನೆ ರೈಲು ನಿಂತಲಿಲ್ಲ.’ ತರಗತಿ ನಗುತ್ತದೆ. ಏಕೆ ನಕ್ಕಿರಿ ಎಂದು ಕೇಳಿ. ‘ನಿಲ್ಲಲಿಲ್ಲ ಅನ್ನಬೇಕು ಸಾರ್’ ಎನ್ನುತ್ತಾರೆ. ಅಲ್ಲಿಗೆ ಅರ್ಧ ಪಾಠ ಮುಗಿಯಿತು.

ಕರಿಹಲಗೆಯ ಮೇಲೆ ‘ನಿಂತಿತು’, ಅದರ ಕೆಳಗೆ ‘ನಿಲ್ಲಲಿಲ್ಲ’ ಎಂದು ಬರೆಯಿರಿ. ಇಲ್ಲ ಎನ್ನುವಾಗ ‘ನಿಂತ’ ಎಂಬ ಭೂತಕಾಲದ ರೂಪ ಮಾಯವಾಗಿ ‘ನಿಲ್ಲು’ ಎಂಬ ಧಾತು ಮರಳಿ ಬಂದಿದೆ. ಕಾಲವನ್ನು ಹೊತ್ತಿರುವುದು ಕೊನೆಯ ‘ಅಲಿಲ್ಲ’. ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ‘ಡಿಡ್ ನಾಟ್’ ಮಾಡುತ್ತದೆ. ಆದ್ದರಿಂದ ಸ್ಟಾಪ್ಟ್ ಹೋಗಿ ಸ್ಟಾಪ್ ಮರಳುತ್ತದೆ. ಇನ್ನೂ ಒಂದು ಸಾಮ್ಯವಿದೆ. ನಾನು ನಿಲ್ಲಲಿಲ್ಲ, ಅವಳು ನಿಲ್ಲಲಿಲ್ಲ, ಅವರು ನಿಲ್ಲಲಿಲ್ಲ: ಲಿಂಗ, ವಚನಗಳ ಗುರುತೂ ಇಲ್ಲಿ ಅಳಿದಿದೆ. ಕನ್ನಡದ ಕ್ರಿಯಾಪದ ಇಂಗ್ಲಿಷಿಗೆ ಇಷ್ಟು ಹತ್ತಿರ ಬರುವ ಜಾಗ ಬೇರೊಂದು ನನಗೆ ಕಂಡಿಲ್ಲ.

ವರ್ತಮಾನದಲ್ಲೂ ಹೀಗೆಯೇ. ‘ನಿಲ್ಲುತ್ತದೆ’ ಹೋಗಿ ‘ನಿಲ್ಲುವುದಿಲ್ಲ’ ಆದಾಗ ಕೊನೆಯ ‘ಅದೆ’ ಉಳಿಯಲಿಲ್ಲ. ‘ಸ್ಟಾಪ್ಸ್’ ಹೋಗಿ ‘ಡಸ್ ನಾಟ್ ಸ್ಟಾಪ್’ ಆದಾಗ ಕೊನೆಯ ಎಸ್ ‘ಡಸ್’ಗೆ ಸೇರಿತು. ಆ ಎಸ್ ಬಗ್ಗೆ ಒಂದು ಮಾತು: ಹೀ, ಶೀ, ಇಟ್ ಅಥವಾ ಒಬ್ಬರ, ಒಂದರ ಹೆಸರು ಬಂದಾಗ ಮಾತ್ರ ಅದು ಬೇಕು. ಮಕ್ಕಳು ಬಹುವಚನದ ಎಸ್ ಎಂದು ತಿಳಿದು ‘ದೇ’ ಜೊತೆ ಹಾಕುತ್ತಾರೆ. ಎರಡೂ ಬೇರೆ ಎಂದು ಬಾಯಿಬಿಟ್ಟು ಹೇಳಬೇಕು.

ಉಚ್ಚಾರಣೆಗೆ ಅಡಕೆ ಕೊಯ್ಲು ಒಳ್ಳೆಯ ಸಾಮಗ್ರಿ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಮೂರಕ್ಕೂ ಇಂಗ್ಲಿಷಿನಲ್ಲಿ ನಿಯಮಿತ ಕ್ರಿಯಾಪದಗಳೇ: ಪೀಲ್ಡ್, ಬಾಯ್ಲ್ಡ್, ಡ್ರೈಡ್. ಇವುಗಳಲ್ಲಿ ಕೊನೆಗೆ ಡ್ ಕೇಳಿಸುತ್ತದೆ. ಪಿಕ್, ವಾಶ್, ಸ್ಟಾಪ್‌ಗಳಲ್ಲಿ ಅದು ಟ್ ಆಗುತ್ತದೆ: ಪಿಕ್ಟ್, ವಾಶ್ಟ್. ಧಾತುವೇ ಟ್ ಅಥವಾ ಡ್‌ನಲ್ಲಿ ಮುಗಿದರೆ ಮಾತ್ರ ಇಡ್: ಪ್ಲಾಂಟಿಡ್, ನೀಡಿಡ್. ಬಸ್ಸು, ಕಾರು ಎನ್ನುವ ನಮ್ಮ ನಾಲಿಗೆ ‘ಸ್ಟಾಪೆಡ್ಡು’ ಎಂದರೆ ಆಶ್ಚರ್ಯವಿಲ್ಲ. ಅದಕ್ಕಾಗಿ ಮಗುವನ್ನು ನಿಲ್ಲಿಸಿ ಗದರಬೇಡಿ. ನೀವು ಸರಿಯಾಗಿ ಹೇಳುತ್ತಾ ಹೋಗಿ. ಸ್ಟಾಪ್ಟ್‌ನಲ್ಲಿ ಪಿ ಎರಡಾಗುವುದು, ಡ್ರೈಡ್‌ನಲ್ಲಿ ವೈ ಹೋಗಿ ಐ ಬರುವುದು ಬರವಣಿಗೆಯ ಮಾತು, ಇನ್ನೊಂದು ದಿನಕ್ಕಿರಲಿ.

ಭವಿಷ್ಯತ್ಕಾಲದಲ್ಲಿ ಎಚ್ಚರ ಬೇಕು. ಪುಸ್ತಕದಲ್ಲಿ ‘ಸುಲಿಯುವೆವು’ ಎಂದಿದ್ದರೂ ಮನೆಯಲ್ಲಿ ಎಲ್ಲರೂ ಹೇಳುವುದು ‘ನಾಳೆ ಅಡಕೆ ಸುಲಿತೀವಿ’ ಎಂದೇ. ವರ್ತಮಾನ, ಭವಿಷ್ಯತ್ ಎರಡಕ್ಕೂ ಒಂದೇ ರೂಪ. ಹಾಗಾಗಿ ‘ವಿಲ್’ ಬಿಟ್ಟುಹೋಗುತ್ತದೆ. ‘ನಾಳೆ’ ಎಂಬ ಪದಕ್ಕೇ ‘ವಿಲ್’ ಅನ್ನು ಕಟ್ಟಿ ಅಭ್ಯಾಸ ಮಾಡಿಸಿ.

ಕನ್ನಡದ ಈ ಸೇತುವೆ ಎಲ್ಲ ಕಡೆಗೂ ಒಯ್ಯುವುದಿಲ್ಲ. ಪ್ರಶ್ನೆ ಕೇಳುವಾಗ ನಾವು ‘ರೈಲು ನಿಂತಿತಾ?’ ಎನ್ನುತ್ತೇವೆ, ‘ನಿಂತ’ ರೂಪ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ‘ಡಿಡ್ ದ ಟ್ರೇನ್ ಸ್ಟಾಪ್?’ ಎಂದೇ ಆಗಬೇಕು. ಆದ್ದರಿಂದ ಪ್ರಶ್ನೆಯನ್ನು ಕನ್ನಡದಿಂದ ಕಟ್ಟಲು ಹೋಗದೆ, ಕಲಿತಾದ ‘ಡಿಡ್ ನಾಟ್ ಸ್ಟಾಪ್’ನಿಂದ ‘ನಾಟ್’ ತೆಗೆದು ‘ಡಿಡ್’ ಅನ್ನು ಮುಂದಕ್ಕೆ ತಂದು ತೋರಿಸಿ. ಇದಕ್ಕೆ ಪಾಠಯೋಜನೆಯಲ್ಲಿ ಬೇರೆಯೇ ಒಂದು ಅವಧಿ ಇಟ್ಟುಕೊಳ್ಳಿ. ನಿಷೇಧ, ಪ್ರಶ್ನೆ ಎರಡನ್ನೂ ಒಂದೇ ದಿನ ಕಲಿಸಿದವರ ತರಗತಿಯಲ್ಲಿ ಎರಡೂ ಕಲಸಿಹೋದದ್ದನ್ನು ಕಂಡಿದ್ದೇನೆ.