ಭಂಗಿ ಗಿಡದಲ್ಲಿ ಹಿಮ್ಮುಖ ಸಂಕರಣ: ಗುಣಸ್ಥಿರೀಕರಣದ ಸಾಧ್ಯತೆ ಮತ್ತು ಮಿತಿ

ಎರಡು ತಳಿಗಳ ಸಂಕರದಿಂದ ಹುಟ್ಟಿದ ಗಿಡವನ್ನು ಅದರ ಜನಕ ತಳಿಗಳಲ್ಲೊಂದರೊಡನೆ ಮತ್ತೆ ಕೂಡಿಸುವ ಕ್ರಮವೇ ಹಿಮ್ಮುಖ ಸಂಕರಣ. ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿ ಇದರ ಉಪಯುಕ್ತತೆಯನ್ನು 1922ರಲ್ಲಿ ಹಾರ್ಲನ್ ಮತ್ತು ಪೋಪ್ ಪ್ರತಿಪಾದಿಸಿದರು. ಉತ್ತಮ ತಳಿಯಲ್ಲಿಲ್ಲದ ಒಂದು ಗುಣವನ್ನು ದಾನಿ ತಳಿಯಿಂದ ತಂದು, ಉಳಿದ ಗುಣಗಳನ್ನು ಕಾಪಾಡುವುದು ಇದರ ಉದ್ದೇಶ. ಮೊದಲ ಸಂಕರದಲ್ಲಿ ಶೇ. 50ರಷ್ಟಿರುವ ಉತ್ತಮ ತಳಿಯ ಪಾಲು ಮುಂದಿನ ಮೂರು ಪೀಳಿಗೆಗಳಲ್ಲಿ ಸರಾಸರಿ ಶೇ. 75, 87.5 ಮತ್ತು 93.75ಕ್ಕೆ ಏರುತ್ತದೆ. ಈ ಏರಿಕೆಯನ್ನೇ ಗುಣದ ಸ್ಥಿರತೆಯೆಂದು ಭಾವಿಸುವುದು ಸರಿಯಲ್ಲ. ಭಂಗಿ ಗಿಡ (ಕ್ಯಾನಬಿಸ್ ಸಟೈವಾ) ಇದಕ್ಕೆ ಸ್ಪಷ್ಟ ನಿದರ್ಶನ.

ನಾರು ಹಾಗೂ ಬೀಜಕ್ಕಾಗಿ ಬೆಳೆಯುವ ಭಂಗಿಯಲ್ಲಿ ಅಮಲುಕಾರಕ ಟಿಎಚ್‌ಸಿ ಅತ್ಯಲ್ಪವಿರಬೇಕು. ಯುರೋಪಿಯನ್ ಒಕ್ಕೂಟದಲ್ಲಿ ತಳಿಯ ಟಿಎಚ್‌ಸಿ ಶೇ. 0.3ನ್ನು ಮೀರಬಾರದೆಂಬುದು 2023ರಿಂದ ರೈತರ ಸಹಾಯಧನಕ್ಕೆ ನಿಬಂಧನೆಯಾಗಿದೆ. ಆದ್ದರಿಂದ ಅಸ್ಥಿರ ತಳಿಯ ನಷ್ಟ ಬೆಳೆಗಾರನ ಮೇಲೆಯೇ ಬೀಳುತ್ತದೆ.

ಡಿ ಮೈಯರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟಿಎಚ್‌ಸಿ ಮತ್ತು ಅಮಲು ತರದ ಸಿಬಿಡಿಗಳ ಅನುಪಾತವು ಒಂದೇ ವಂಶವಾಹಿ ನೆಲೆಯ ಎರಡು ರೂಪಗಳಂತೆ ಅನುವಂಶೀಯವಾಗುತ್ತದೆ. ಸಂಕರ ಗಿಡದಲ್ಲಿ ಎರಡೂ ದ್ರವ್ಯಗಳಿರುತ್ತವೆ. ಅದರ ಮುಂದಿನ ಪೀಳಿಗೆಯಲ್ಲಿ ಸಿಬಿಡಿ, ಮಿಶ್ರ, ಟಿಎಚ್‌ಸಿ ಗಿಡಗಳು 1:2:1ರ ಪ್ರಮಾಣದಲ್ಲಿ ಬೇರ್ಪಡುತ್ತವೆ. ಟಿಎಚ್‌ಸಿ ತಳಿಯೊಂದಕ್ಕೆ ಸಿಬಿಡಿ ಗುಣವನ್ನು ಸೇರಿಸಲು ಹಿಮ್ಮುಖ ಸಂಕರಣ ಮಾಡಿದರೆ, ಪ್ರತಿ ಪೀಳಿಗೆಯ ಅರ್ಧದಷ್ಟು ಗಿಡಗಳು ಮಾತ್ರ ಆ ಗುಣವನ್ನು ಹೊತ್ತಿರುತ್ತವೆ. ಅವೂ ಮಿಶ್ರವೇ. ಎಷ್ಟು ಬಾರಿ ಪುನರಾವರ್ತಿಸಿದರೂ ಶುದ್ಧ ಸಿಬಿಡಿ ಗಿಡ ದೊರೆಯದು. ಕೊನೆಗೆ ಮಿಶ್ರ ಗಿಡಗಳನ್ನೇ ಪರಸ್ಪರ ಕೂಡಿಸಿ, ಸಂತತಿಯ ಕಾಲುಭಾಗವಾದ ಶುದ್ಧ ಗಿಡಗಳನ್ನು ಆರಿಸಬೇಕು. ಸ್ಥಿರತೆ ಬರುವುದು ಈ ಅಂತಿಮ ಹಂತದಲ್ಲಿ.

ಗೋಧಿಯಲ್ಲಿ ಸ್ವಪರಾಗಸ್ಪರ್ಶದಿಂದ ಈ ಹಂತ ಸುಲಭ. ಭಂಗಿಯಲ್ಲಿ ಹೆಣ್ಣು ಗಂಡು ಗಿಡಗಳು ಸಾಮಾನ್ಯವಾಗಿ ಬೇರೆಬೇರೆ. ಪರಾಗವನ್ನು ಗಾಳಿ ಒಯ್ಯುತ್ತದೆ. ಜನಕ ಗಿಡವೇ ಅನೇಕ ನೆಲೆಗಳಲ್ಲಿ ಮಿಶ್ರವಾಗಿರುವುದರಿಂದ, ಕಾಂಡದ ತುಂಡುಗಳಿಂದ ಉಳಿಸಿಕೊಂಡ ಒಂದೇ ಗಿಡಕ್ಕೆ ಮತ್ತೆ ಮತ್ತೆ ಸಂಕರಿಸಿದರೂ ಸಂತತಿ ಏಕರೂಪವಾಗುವುದಿಲ್ಲ. ಬದಲಾಗಿ ಒಳಸಂಕರಣದಿಂದ ಸತ್ವ ಕುಂದಬಹುದು. ಆದ್ದರಿಂದ ಜನಕ ತಳಿಯ ಹಲವು ಗಿಡಗಳನ್ನು ಬಳಸುವುದು ಲೇಸು. ಸಿಲ್ವರ್ ಥಯೋಸಲ್ಫೇಟ್ ಸಿಂಪಡಿಸಿ ಹೆಣ್ಣು ಗಿಡದಲ್ಲಿ ಗಂಡು ಹೂ ತರಿಸಿ ಸ್ವಪರಾಗಸ್ಪರ್ಶ ನಡೆಸುವ ವಿಧಾನವೂ ಉಂಟು.

ಇನ್ನೂ ಒಂದು ಮಿತಿಯಿದೆ. ಸಿಬಿಡಿಯನ್ನು ರೂಪಿಸುವ ಕಿಣ್ವವೇ ಉಪೋತ್ಪನ್ನವಾಗಿ ಅಲ್ಪ ಟಿಎಚ್‌ಸಿಯನ್ನೂ ಉಂಟುಮಾಡುತ್ತದೆ. ಒಟ್ಟು ಇಳುವರಿ ಹೆಚ್ಚಾದಂತೆ ಶುದ್ಧ ಸಿಬಿಡಿ ಗಿಡವೂ ಕಾನೂನಿನ ಮಿತಿಯನ್ನು ದಾಟಬಹುದು. ಹಿಮ್ಮುಖ ಸಂಕರಣ ಮತ್ತು ಅಂತಿಮ ಆಯ್ಕೆಗಳು ಅನುಪಾತವನ್ನು ಸ್ಥಿರಗೊಳಿಸಬಲ್ಲವು. ಪ್ರಮಾಣದ ನಿಯಂತ್ರಣಕ್ಕೆ ಪ್ರತ್ಯೇಕ ಆಯ್ಕೆ ಅಗತ್ಯ.