ವಿಮಾನಕ್ಕಿಂತ ನಿಲ್ದಾಣವೇ ದೂರ

ದಾದರಿನಲ್ಲಿಯೋ ಬೋರಿಬಂದರಿನಲ್ಲಿಯೋ ರೈಲನ್ನೇರಿ ಊರಿನ ದಾರಿ ಹಿಡಿಯುವುದೇ ಮುಂಬಯಿ ಕನ್ನಡಿಗರ ಪಾಲಿಗೆ ದೊಡ್ಡ ಪ್ರಯಾಣವೆನಿಸಿದ್ದ ಕಾಲವೊಂದಿತ್ತು. ಇಂದು ಮಾಟುಂಗ, ಮುಲುಂಡ, ಡೊಂಬಿವಲಿಗಳ ಕನ್ನಡ ಮನೆಗಳಿಂದ ನಿವೃತ್ತ ದಂಪತಿಗಳು ಮಗಳ ಬಾಣಂತನಕ್ಕೆಂದು ಡಲ್ಲಾಸಿಗೋ, ಮಗನ ಗೃಹಪ್ರವೇಶಕ್ಕೆಂದು ಲಂಡನ್ನಿಗೋ ಹೊರಡುವುದು ಹೊಸ ಸಂಗತಿಯಲ್ಲ. ಟಿಕೇಟನ್ನು ಮಗ ಅಲ್ಲಿಂದಲೇ ಕೊಂಡು ಕಳುಹಿಸುತ್ತಾನೆ. ಚಟ್ನಿಪುಡಿ, ಸಾರಿನಪುಡಿ, ಹಪ್ಪಳಗಳ ಸಿದ್ಧತೆ ತಿಂಗಳ ಮೊದಲೇ ಆರಂಭವಾಗುತ್ತದೆ. ಆದರೆ ಎಪ್ಪತ್ತು ದಾಟಿದ ದೇಹವು ಆ ಒಂದು ದಿನ ಎಷ್ಟು ದೂರ ನಡೆಯಬೇಕಾದೀತು, ಎಷ್ಟು ಹೊತ್ತು ನಿಲ್ಲಬೇಕಾದೀತು ಎಂಬ ಲೆಕ್ಕವನ್ನು ಹಾಕುವವರು ವಿರಳ.

ವಿಮಾನ ಅಲುಗಾಡೀತೆ, ಕಿವಿ ನೋಯೀತೆ, ಸಸ್ಯಾಹಾರ ದೊರಕೀತೆ ಎಂದು ಮನೆಯವರೆಲ್ಲ ಚಿಂತಿಸುತ್ತಾರೆ. ವಾಸ್ತವವಾಗಿ ವಿಮಾನದಲ್ಲಿ ಪ್ರಯಾಣಿಕನ ಕೆಲಸ ಕುಳಿತಿರುವುದಷ್ಟೇ. ದೇಹವನ್ನು ದಣಿಸುವುದು ನಿಲ್ದಾಣ. ಸಹಾರ್‌ನಲ್ಲಿ 2014ರ ಫೆಬ್ರವರಿಯಲ್ಲಿ ಬಳಕೆಗೆ ತೆರೆದ ಎರಡನೆಯ ಟರ್ಮಿನಲ್ಲನ್ನೇ ನೋಡಬಹುದು. ನಾಲ್ಕನೆಯ ಅಂತಸ್ತಿನಲ್ಲಿ ಟ್ಯಾಕ್ಸಿಯಿಂದಿಳಿದವರು ಬಾಗಿಲಲ್ಲಿ ಟಿಕೇಟು, ಪಾಸ್‌ಪೋರ್ಟುಗಳನ್ನು ತೋರಿಸಲು ಒಂದು ಸಾಲಿನಲ್ಲಿ ನಿಲ್ಲಬೇಕು. ಪೆಟ್ಟಿಗೆಗಳನ್ನು ಒಪ್ಪಿಸಿ ಬೋರ್ಡಿಂಗ್ ಪಾಸು ಪಡೆಯಲು ಎರಡನೆಯ ಸಾಲು, ದೇಶ ಬಿಡುವವರ ಪಾಸ್‌ಪೋರ್ಟ್ ತಪಾಸಣೆಗೆ ಮೂರನೆಯದು, ಭದ್ರತಾ ತಪಾಸಣೆಗೆ ನಾಲ್ಕನೆಯದು. ಇವೆಲ್ಲ ಮುಗಿದ ಮೇಲೆ ಅಂಗಡಿಗಳ ಸಾಲನ್ನು ಹಾದು ಗೇಟಿನವರೆಗಿನ ನಡಿಗೆ. ಬಹಳಷ್ಟು ವಿದೇಶಿ ವಿಮಾನಗಳು ಹೊರಡುವುದು ನಡುರಾತ್ರಿಯ ನಂತರ. ನಿತ್ಯ ಒಂಬತ್ತೂವರೆಗೆ ಮಲಗುವವರು ಇದನ್ನೆಲ್ಲ ನಿದ್ದೆಗೆಟ್ಟು ಮಾಡಬೇಕು.

2024ರ ಫೆಬ್ರವರಿ 12ರಂದು ಇದೇ ಮುಂಬಯಿ ನಿಲ್ದಾಣದಲ್ಲಿ ನಡೆದ ಘಟನೆಯನ್ನು ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು. ನ್ಯೂಯಾರ್ಕಿನಿಂದ ಬಂದಿಳಿದ ವೃದ್ಧ ದಂಪತಿಗಳು ಇಬ್ಬರಿಗೂ ಗಾಲಿಕುರ್ಚಿಯನ್ನು ಮುಂಚಿತವಾಗಿ ಕೇಳಿದ್ದರು. ವಿಮಾನದ ಬಾಗಿಲಿಗೆ ಬಂದದ್ದು ಒಂದೇ ಕುರ್ಚಿ. ಇನ್ನೊಂದು ಬರುವವರೆಗೆ ಕಾಯುವಂತೆ ಸಿಬ್ಬಂದಿ ಹೇಳಿದರಾದರೂ, ಪತ್ನಿಯನ್ನು ಕುರ್ಚಿಯಲ್ಲಿ ಕೂರಿಸಿ, ಎಂಬತ್ತರ ಆ ಹಿರಿಯರು ಪಕ್ಕದಲ್ಲಿ ನಡೆದೇ ಹೊರಟರು. ಅವರು ನಡೆದದ್ದು ಸುಮಾರು ಒಂದೂವರೆ ಕಿಲೋಮೀಟರ್ ಎಂದು ಪತ್ರಿಕೆಗಳು ವರದಿ ಮಾಡಿದುವು. ಪಾಸ್‌ಪೋರ್ಟ್ ತಪಾಸಣೆಯ ಬಳಿ ಅವರು ಕುಸಿದರು, ಬದುಕಿ ಉಳಿಯಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಆ ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿಗಳ ದಂಡ ವಿಧಿಸಿತು. ಕುರ್ಚಿಗಳನ್ನು ಸಾಕಷ್ಟು ಒದಗಿಸುವುದು ಸಂಸ್ಥೆಯ ಹೊಣೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ‘ಇಷ್ಟೇ ತಾನೆ, ನಡೆದುಬಿಡೋಣ’ ಎಂಬ ಮನಸ್ಸು ನಮ್ಮ ಹಿರಿಯರೆಲ್ಲರಲ್ಲಿಯೂ ಇದೆ. ಅದನ್ನು ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಮಾತನಾಡಿ ಬದಲಿಸಬೇಕು. ಕುರ್ಚಿ ತಡವಾದರೆ ವಿಮಾನದೊಳಗೆ ತಮ್ಮ ಆಸನದಲ್ಲಿಯೇ ಕುಳಿತು ಕಾಯುವುದು ಪ್ರಯಾಣಿಕನ ಹಕ್ಕು. ಅದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಗಾಲಿಕುರ್ಚಿಯೆಂದರೆ ಅಂಗವಿಕಲರಿಗೆ ಮಾತ್ರ ಎಂಬ ಭಾವನೆ ತಪ್ಪು. ವಿಮಾನ ಸಂಸ್ಥೆಗಳು ಇದರಲ್ಲಿ ಮೂರು ದರ್ಜೆಗಳನ್ನು ಗುರುತಿಸುತ್ತವೆ. ಮೆಟ್ಟಿಲು ಹತ್ತಬಲ್ಲವರು, ಆದರೆ ದೂರ ನಡೆಯಲಾರದವರು ಮೊದಲನೆಯ ದರ್ಜೆ. ಮೆಟ್ಟಿಲನ್ನೂ ಹತ್ತಲಾರದೆ, ವಿಮಾನದೊಳಗೆ ತಮ್ಮ ಆಸನದವರೆಗೆ ಮಾತ್ರ ನಡೆಯಬಲ್ಲವರು ಎರಡನೆಯದು. ಆಸನದವರೆಗೂ ಒಯ್ಯಬೇಕಾದವರು ಮೂರನೆಯದು. ಟಿಕೇಟು ಕೊಳ್ಳುವಾಗ ಮಕ್ಕಳು ಹೆಚ್ಚು ಯೋಚಿಸದೆ ಮೊದಲನೆಯದನ್ನೇ ಆರಿಸಿಬಿಡುತ್ತಾರೆ. ತೊಂದರೆ ಕಾಣುವುದು ವಿಮಾನ ಸೇತುವೆಗೆ ತಾಗದೆ ಬಯಲಿನಲ್ಲಿ ನಿಂತಾಗ. ಬಸ್ಸಿನಲ್ಲಿ ಅಲ್ಲಿಗೊಯ್ದು ಏಣಿಮೆಟ್ಟಿಲಿನ ಬುಡದಲ್ಲಿ ಬಿಟ್ಟರೆ ಮೊಣಕಾಲು ನೋವಿನ ತಾಯಿ ಏನು ಮಾಡಬೇಕು? ಆದುದರಿಂದ ದೇಹಸ್ಥಿತಿಗೆ ತಕ್ಕ ದರ್ಜೆಯನ್ನು ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮೊದಲು ನಮೂದಿಸಿ, ನಿಲ್ದಾಣದ ಕೌಂಟರಿನಲ್ಲಿ ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು. ಹೋಗುವಾಗ, ನಡುವೆ ವಿಮಾನ ಬದಲಿಸುವಾಗ, ಮರಳುವಾಗ, ಪ್ರತಿಯೊಂದಕ್ಕೂ ಇದು ಬೇರೆಬೇರೆಯಾಗಿ ದಾಖಲಾಗಿದೆಯೇ ಎಂದು ನೋಡುವುದು ಅವಶ್ಯ. ಸಾಲಿನಿಂದ ತಪ್ಪಿಸಿಕೊಳ್ಳಲೆಂದು ಗಟ್ಟಿಮುಟ್ಟಾದವರೂ ಕುರ್ಚಿ ಏರುವುದುಂಟು. ಅವರಿಂದಾಗಿಯೇ ನಿಜವಾಗಿ ಬೇಕಾದವರಿಗೆ ಕುರ್ಚಿ ಸಿಗದೆ ಹೋಗುತ್ತದೆ.

ಮೊದಲ ಎಡವಟ್ಟು ಸಂಭವಿಸುವುದು ನಿಲ್ದಾಣದಲ್ಲಲ್ಲ, ಪಂಚಾಂಗದಲ್ಲಿ! 15ನೆಯ ತಾರೀಖು 02.30 ಎಂದು ಟಿಕೇಟಿನಲ್ಲಿದ್ದರೆ ಮನೆಯಿಂದ ಹೊರಡಬೇಕಾದುದು 14ರ ರಾತ್ರಿ ಎಂಬುದನ್ನು ವಿದ್ಯಾವಂತರೂ ಮರೆಯುತ್ತಾರೆ. ಬ್ಯಾಂಕಿನಲ್ಲಿ ಚೆಕ್ಕಿನ ತಾರೀಖನ್ನು ಎರಡು ಬಾರಿ ನೋಡುವಂತೆ ಇದನ್ನೂ ನೋಡಬೇಕು. ಟಿಕೇಟಿನಲ್ಲಿ ಮುದ್ರಿತವಾದ ವೇಳೆಗಳೆಲ್ಲ ಆಯಾ ಊರಿನ ಗಡಿಯಾರದವು. ಇನ್ನು, ನವಿ ಮುಂಬಯಿಯ ಹೊಸ ನಿಲ್ದಾಣವೂ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿರುವುದರಿಂದ, ವಿಮಾನ ಯಾವ ನಿಲ್ದಾಣದ್ದು, ಯಾವ ಟರ್ಮಿನಲ್ಲಿನದು ಎಂದು ಓದಿಕೊಳ್ಳದೆ ಟ್ಯಾಕ್ಸಿ ಏರುವಂತಿಲ್ಲ. ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮೊದಲು ತಲುಪಬೇಕೆಂಬುದು ಬರಿಯ ಉಪಚಾರದ ಮಾತಲ್ಲ. ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಕೌಂಟರು ಮುಚ್ಚುತ್ತದೆ, ಕೆಲವು ಸಂಸ್ಥೆಗಳದು ಅದಕ್ಕೂ ಮುಂಚೆ. ಹಳೆಯ ಅನುಭವಿಗಳು ನಿರ್ಗಮನದ ಚೀಟಿಯೊಂದನ್ನು ತುಂಬಬೇಕೆಂದು ಈಗಲೂ ಹೇಳುವುದುಂಟು. ಭಾರತೀಯರಿಗೆ ಆ ಚೀಟಿ 2017ರ ಜುಲೈ 1ರಿಂದಲೇ ರದ್ದಾಗಿದೆ.

ಒಳಹೊಕ್ಕ ಮೇಲೆ ನಿಲ್ದಾಣವನ್ನು ಒಂದು ದೊಡ್ಡ ಬ್ಯಾಂಕಿನ ಶಾಖೆಯೆಂದು ತಿಳಿದರೆ ಗಾಬರಿ ಅರ್ಧ ಇಳಿಯುತ್ತದೆ. ಒಂದೊಂದು ಕಿಟಕಿಗೆ ಒಂದೊಂದೇ ಕೆಲಸ. ಪಾಸ್‌ಪೋರ್ಟ್ ನೋಡುವ ಅಧಿಕಾರಿಗೆ ಪೆಟ್ಟಿಗೆಯ ತೂಕದ ಗೊಡವೆಯಿಲ್ಲ. ಭದ್ರತೆಯವರಿಗೆ ವೀಸಾದ ಚಿಂತೆಯಿಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಮುಂದೆ ಸಾಗಿದರಾಯಿತು. ಬೋರ್ಡಿಂಗ್ ಪಾಸಿನಲ್ಲಿ ನೋಡಬೇಕಾದುದು ವಿಮಾನದ ಸಂಖ್ಯೆ, ಗೇಟಿನ ಸಂಖ್ಯೆ, ಹತ್ತಲು ಆರಂಭಿಸುವ ವೇಳೆ. ಹೊರಡುವ ವೇಳೆಗೆ ಗೇಟಿಗೆ ಬಂದವನಿಗೆ ಬಾಗಿಲು ಮುಚ್ಚಿರುತ್ತದೆ. ರೈಲು ನಿಲ್ದಾಣದಂತೆ ಧ್ವನಿವರ್ಧಕದಲ್ಲಿ ಕೂಗಿ ಕರೆಯುತ್ತಾರೆಂದು ಕಾಯುವಂತೆಯೂ ಇಲ್ಲ. ಅನೇಕ ದೊಡ್ಡ ನಿಲ್ದಾಣಗಳು ಇಂಥ ಘೋಷಣೆಗಳನ್ನು ಬಹುಮಟ್ಟಿಗೆ ನಿಲ್ಲಿಸಿವೆ. ಗೋಡೆಯ ಫಲಕವನ್ನು ಆಗಾಗ ಎದ್ದು ನೋಡಬೇಕು, ಏಕೆಂದರೆ ಗೇಟು ಕೊನೆಯ ಗಳಿಗೆಯಲ್ಲಿಯೂ ಬದಲಾಗಬಹುದು.

ಇಲ್ಲಿಂದ ಹೊರಟ ಅನೇಕರಿಗೆ ನಡುವಿನ ನಿಲ್ದಾಣ ದುಬಾಯಿ. 2024ರಲ್ಲಿ ಒಂಬತ್ತು ಕೋಟಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಪ್ರಯಾಣಿಕರು ಅದನ್ನು ಹಾದುಹೋದರು. ವಿದೇಶ ಪ್ರಯಾಣಿಕರ ಲೆಕ್ಕದಲ್ಲಿ ಜಗತ್ತಿನ ಬೇರಾವ ನಿಲ್ದಾಣದಲ್ಲಿಯೂ ಆ ವರ್ಷ ಅಷ್ಟು ಜನರಿರಲಿಲ್ಲ. ಅಲ್ಲಿನ ಮೂರನೆಯ ಟರ್ಮಿನಲ್ಲಿಗೆ ಎ, ಬಿ, ಸಿ ಎಂಬ ಮೂರು ಅಂಗಗಳಿದ್ದು, ಗೇಟಿನ ಹೆಸರು ಆ ಅಕ್ಷರದಿಂದಲೇ ಆರಂಭವಾಗುತ್ತದೆ. ಬಿ ಅಂಗದಲ್ಲಿ ಇಳಿದವರ ಮುಂದಿನ ವಿಮಾನ ಎ ಅಂಗದಲ್ಲಿದ್ದರೆ ಚಾಲಕನಿಲ್ಲದ ಒಳರೈಲನ್ನು ಏರಬೇಕು. ಭದ್ರತಾ ತಪಾಸಣೆ ಅಲ್ಲಿ ಸಾಮಾನ್ಯವಾಗಿ ಇನ್ನೊಮ್ಮೆ ನಡೆಯುತ್ತದೆ. ಇಂಥ ನಿಲ್ದಾಣದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷದ ಬಿಡುವು ಯುವಕರಿಗೆ ಸಾಕಾದೀತು. ಎಪ್ಪತ್ತರ ವಯಸ್ಸಿಗೆ ಮೂರು ಗಂಟೆಯಾದರೂ ಇರಲಿ. ಅಗ್ಗದ ಟಿಕೇಟಿನ ಆಸೆಗೆ ಎರಡು ಸಂಸ್ಥೆಗಳ ಎರಡು ಬೇರೆ ಟಿಕೇಟುಗಳನ್ನು ಕೊಳ್ಳುವುದು ಮಾತ್ರ ಹಿರಿಯರ ವಿಷಯದಲ್ಲಿ ಸಲ್ಲದ ಉಳಿತಾಯ. ಒಂದೇ ಟಿಕೇಟಿನಲ್ಲಿ ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಸಂಸ್ಥೆಯದು. ಎರಡು ಟಿಕೇಟುಗಳಾದರೆ ಅದು ಪ್ರಯಾಣಿಕನದೇ. ಕೆಲವು ದೇಶಗಳ ನಿಲ್ದಾಣದಲ್ಲಿ ವಿಮಾನ ಬದಲಿಸಲಿಕ್ಕೂ ಪ್ರತ್ಯೇಕ ವೀಸಾ ಬೇಕಾಗುವುದರಿಂದ, ಅದನ್ನು ಹಣ ಕಟ್ಟುವ ಮೊದಲೇ ವಿಚಾರಿಸಬೇಕು.

ಔಷಧಿಗಳ ವಿಷಯಕ್ಕೆ ಬರೋಣ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇವುಗಳಲ್ಲಿ ಒಂದಾದರೂ ಇಲ್ಲದ ಹಿರಿಯರು ನಗರಗಳಲ್ಲಿ ಸಿಗುವುದು ಕಷ್ಟ. ಔಷಧಿಗಳೆಲ್ಲ ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಲ್ಲ. ಪೆಟ್ಟಿಗೆ ತಪ್ಪಿ ಬೇರೆ ಊರಿಗೆ ಹೋಗಬಹುದು. ಇನ್ಸುಲಿನ್ ಆದರೆ ವಿಮಾನದ ಸಾಮಾನುಗೂಡಿನ ಚಳಿಗೆ ಹೆಪ್ಪುಗಟ್ಟಿ ನಿರುಪಯೋಗಿಯಾಗಲೂಬಹುದು. ಪ್ರಯಾಣದ ಲೆಕ್ಕಕ್ಕಿಂತ ಮೂರುನಾಲ್ಕು ದಿನಗಳ ಔಷಧಿ ಹೆಚ್ಚಿಗೆ ಇರಲಿ. 2024ರ ಏಪ್ರಿಲ್ 16ರಂದು ದುಬಾಯಿಯಲ್ಲಿ ಸುರಿದ ಭಾರಿ ಮಳೆಗೆ ವಿಮಾನಗಳು ಅಸ್ತವ್ಯಸ್ತಗೊಂಡು ಪ್ರಯಾಣಿಕರು ದಿನಗಟ್ಟಲೆ ಸಿಕ್ಕಿಬಿದ್ದರು. ಅಂಥ ವೇಳೆಯಲ್ಲಿ ಕೈಚೀಲದಲ್ಲಿದ್ದುದಷ್ಟೇ ಆಸರೆ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಔಷಧಿಯ ಮೂಲ ಹೆಸರಿನೊಂದಿಗೆ ಇರಬೇಕು. ಪಶ್ಚಿಮಕ್ಕೆ ಹೋಗುವವರಿಗೆ ಹಗಲು ಉದ್ದವಾಗುವುದರಿಂದ ಇನ್ಸುಲಿನ್ನಿನ ವೇಳೆ, ಪ್ರಮಾಣಗಳನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಯಿಸಿಕೊಳ್ಳುವುದು ಒಳ್ಳೆಯದು. ಸಾಲುಗಳಲ್ಲಿ ಊಟದ ಹೊತ್ತು ಮೀರಿ ಸಕ್ಕರೆಯ ಅಂಶ ಕುಸಿಯುವ ಅಪಾಯವುಂಟು. ಕೈಗೆಟಕುವಲ್ಲಿ ಬಿಸ್ಕತ್ತು, ಗ್ಲೂಕೋಸಿನ ಮಾತ್ರೆ ಇರಲಿ. ಚಪಾತಿ, ಒಣ ತಿಂಡಿಗಳಿಗೆ ಭದ್ರತೆಯವರ ಅಡ್ಡಿಯಿಲ್ಲ.

ದ್ರವ ಪದಾರ್ಥಗಳಿಗೆ 100 ಮಿಲಿಲೀಟರಿನ ಮಿತಿ ಬಂದದ್ದು 2006ರಲ್ಲಿ ಲಂಡನ್ನಿನಲ್ಲಿ ಬಯಲಾದ ಸ್ಫೋಟದ ಸಂಚಿನ ತರುವಾಯ. ಚೀಟಿಯಿರುವ ಔಷಧಿಗಳಿಗೆ ಇದರಿಂದ ವಿನಾಯಿತಿಯುಂಟು, ತುಪ್ಪ, ಉಪ್ಪಿನಕಾಯಿಗಳಿಗಿಲ್ಲ. ಅವು ಭದ್ರವಾಗಿ ಕಟ್ಟಿಸಿಕೊಂಡು ದೊಡ್ಡ ಪೆಟ್ಟಿಗೆಗೆ ಹೋಗಬೇಕು. ನಮ್ಮ ಅಡುಗೆಮನೆಯ ಇನ್ನೆರಡು ಪದಾರ್ಥಗಳ ಬಗೆಗೆ ವಿಶೇಷ ಎಚ್ಚರ ಬೇಕು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿದ್ದು, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿರುವುದರಿಂದ ಪೆಟ್ಟಿಗೆಯಲ್ಲಿ ಒಯ್ಯಲು ಬಿಡುವುದಿಲ್ಲ. ಪಾಯಸಕ್ಕೆಂದು ಕಟ್ಟಿಕೊಂಡ ಗಸಗಸೆ ಇನ್ನೂ ಅಪಾಯಕರ. ಅಫೀಮಿನ ಗಿಡದ ಬೀಜವಾದ ಕಾರಣ ಸಂಯುಕ್ತ ಅರಬ್ ಎಮಿರೇಟ್ಸ್, ಸಿಂಗಪುರಗಳಲ್ಲಿ ಅದು ನಿಷಿದ್ಧ. ಕೊಡೀನ್, ಟ್ರಾಮಡಾಲ್ ಬೆರೆತ ನೋವಿನ ಮತ್ತು ಕೆಮ್ಮಿನ ಔಷಧಿಗಳಿಗೂ ಎಮಿರೇಟ್ಸ್‌ನಲ್ಲಿ ಮುಂಗಡ ಅನುಮತಿ ಬೇಕು. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ. ಅದು ಕೈಚೀಲದಲ್ಲಿಯೇ ಇರಬೇಕು. ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯನ್ನೇ ತಡೆಹಿಡಿಯುತ್ತಾರೆ.

ಮೊಣಕಾಲಿನ ಕೀಲು ಬದಲಿಸಿಕೊಂಡವರು ಲೋಹಶೋಧಕದ ಕಮಾನು ಸದ್ದು ಮಾಡಿದರೆ ಅಂಜಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ಪತ್ರವೊಂದಿದ್ದರೆ ಅನುಕೂಲ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಅದರ ಗುರುತಿನ ಚೀಟಿ ತೋರಿಸಿ, ಕೈಯಿಂದಲೇ ತಪಾಸಣೆ ಮಾಡುವಂತೆ ಕೇಳಬೇಕು.

ಶೌಚಾಲಯದ ಸಂಕೋಚಕ್ಕೆ ನೀರು ಕುಡಿಯದೆ ಹೋಗುವುದು ನಮ್ಮ ಹೆಂಗಸರಲ್ಲಿ ಬಹಳ. ಹತ್ತಾರು ಗಂಟೆ ನೀರಿಲ್ಲದೆ, ಕಾಲು ಆಡಿಸದೆ ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವುಂಟು. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕದಲದೆ ಕುಳಿತ ಪ್ರಯಾಣದಿಂದ ಈ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು 6000ಕ್ಕೆ ಒಬ್ಬರ ಪ್ರಮಾಣ, ಭಯಪಡುವಷ್ಟಲ್ಲ. ಆದರೆ ಹಿಂದೆ ಇಂಥ ತೊಂದರೆಯಾದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಸ್ಥೂಲಕಾಯರು ವೈದ್ಯರನ್ನು ಕಂಡೇ ಹೊರಡಬೇಕು. ಗಾಲಿಕುರ್ಚಿಯಲ್ಲಿ ಹೋಗುವವರೂ ಕಾಯುವ ಹೊತ್ತಿನಲ್ಲಿ ಸಾಧ್ಯವಾದಷ್ಟು ಎದ್ದು ನಾಲ್ಕು ಹೆಜ್ಜೆ ಓಡಾಡುವುದು, ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು ಹಿತಕರ.

ಹಣದ ಮಾತು ಸಂಕ್ಷೇಪದಲ್ಲಿ ಹೀಗಿದೆ. ನಿಲ್ದಾಣದ ವಿನಿಮಯ ಕೌಂಟರುಗಳಲ್ಲಿ ದರ ಸಾಮಾನ್ಯವಾಗಿ ದುಬಾರಿಯಾದುದರಿಂದ ಡಾಲರುಗಳನ್ನು ಮೊದಲೇ ಬ್ಯಾಂಕಿನಲ್ಲಿ ಕೊಳ್ಳುವುದು ಮೇಲು. ನೇಪಾಳ, ಭೂತಾನಗಳನ್ನು ಬಿಟ್ಟರೆ, ಭಾರತೀಯ ನೋಟುಗಳನ್ನು ತಲಾ 25,000 ರೂಪಾಯಿಗಳವರೆಗೆ ಮಾತ್ರ ಹೊರಗೆ ಒಯ್ಯಬಹುದು. ವಿದೇಶದ ಅಂಗಡಿಯಲ್ಲಿ ಕಾರ್ಡು ಕೊಟ್ಟಾಗ ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಬೇಡವೆನ್ನಬೇಕು; ಆ ಸೌಕರ್ಯದ ಬೆಲೆ ವಿನಿಮಯ ದರದಲ್ಲಿಯೇ ಅಡಗಿರುತ್ತದೆ.

ಅಮೆರಿಕಕ್ಕೆ ಹೋಗುವವರು ಆ ದೇಶದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿಯೇ ಪೆಟ್ಟಿಗೆಗಳನ್ನು ತೆಗೆದುಕೊಂಡು, ಸುಂಕದವರನ್ನು ದಾಟಿಸಿ, ಮತ್ತೆ ಒಪ್ಪಿಸಬೇಕಾಗುತ್ತದೆ. ಅಬುಧಾಬಿಯ ಮೂಲಕ ಹೋಗುವವರಿಗೆ ಅಮೆರಿಕದ ತಪಾಸಣೆ ಅಲ್ಲಿಯೇ ಮುಗಿಯುವ ಏರ್ಪಾಡಿದೆ. ಮರಳಿ ಬರುವಾಗಲೂ ಹೆಚ್ಚುಕಡಿಮೆ ಇದೇ ಕ್ರಮ. ಮುಂಬಯಿಯಲ್ಲಿ ಇಳಿದು ಮಂಗಳೂರಿಗೋ ಹುಬ್ಬಳ್ಳಿಗೋ ಮುಂದುವರಿಯುವವರು ಸಾಮಾನ್ಯವಾಗಿ ಇಲ್ಲಿಯೇ ಪೆಟ್ಟಿಗೆಗಳನ್ನು ಬಿಡಿಸಿಕೊಳ್ಳಬೇಕು. ಇಂಗ್ಲಿಷ್ ಬಾರದ ತಾಯಿ ಒಬ್ಬರೇ ಹೊರಟಿದ್ದರೆ, ಅವರ ಹೆಸರು, ಹೋಗಬೇಕಾದ ಊರು, ವಿಮಾನದ ಸಂಖ್ಯೆ, ಕಾಯಿಲೆ, ಬಲ್ಲ ಭಾಷೆಗಳು, ಎರಡೂ ಕಡೆಯ ದೂರವಾಣಿ ಸಂಖ್ಯೆಗಳನ್ನು ದಪ್ಪಕ್ಷರದ ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದನ್ನು ಪಾಸ್‌ಪೋರ್ಟಿನ ಜೊತೆಗೆ ಇರಿಸಬೇಕು. ಅದರ ಇನ್ನೊಂದು ಪ್ರತಿ ಅವರ ಕುತ್ತಿಗೆಯ ಚೀಲದಲ್ಲಿರಲಿ. ಗಾಲಿಕುರ್ಚಿ ನೂಕುವವರು ಒಂದೇ ನಿಲ್ದಾಣದಲ್ಲಿ ಎರಡು ಮೂರು ಬಾರಿ ಬದಲಾಗುತ್ತಾರೆ, ಪ್ರತಿಯೊಬ್ಬರಿಗೂ ಅದನ್ನು ತೋರಿಸಬೇಕಾಗುತ್ತದೆ.