ಚೆಂಡು ನೆಟ್ಟಗೆ ಹಾರಿಸುವ ಕೆಲಸ

ಬ್ಯಾಸ್ಕೆಟ್‌ಬಾಲ್ ಪಂದ್ಯ ಇನ್ನೇನು ಶುರುವಾಗಬೇಕು ಎನ್ನುವಾಗ ಕೋರ್ಟಿನ ಪಕ್ಕ ನಿಂತವರಲ್ಲಿ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ, ‘ಸಾರ್, ಟಾಸ್ ಯಾರು ಗೆದ್ರು?’ ಕ್ರಿಕೆಟ್ ನೋಡಿ ಬೆಳೆದ ನಮಗೆ ಟಾಸ್ ಎಂದರೆ ನಾಣ್ಯ, ರಾಜ ಅಥವಾ ರಾಣಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೇಲಕ್ಕೆ ಹಾರುವುದು ನಾಣ್ಯವಲ್ಲ, ಚೆಂಡೇ. ಅದನ್ನು ಹಾರಿಸುವವನು ಮುಖ್ಯ ರೆಫರಿ. ಎರಡೂ ತಂಡದಿಂದ ಒಬ್ಬೊಬ್ಬರು ಅದಕ್ಕಾಗಿ ನೆಗೆಯುತ್ತಾರೆ. ಇದಕ್ಕೆ ಜಂಪ್ ಬಾಲ್ ಎನ್ನುತ್ತಾರೆ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ರಜಾ ದಿನಗಳಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ರೆಫರಿ ಕೆಲಸಕ್ಕೆ ಹೋಗುತ್ತೇನೆ. ಪಂದ್ಯ ಮುಗಿದ ಮೇಲೆ ಜನಕ್ಕೆ ನೆನಪಿರುವುದು ನಾವು ಊದಿದ ಫೌಲುಗಳು ಮಾತ್ರ. ಆದರೆ ನನ್ನನ್ನು ಕೇಳಿದರೆ, ಇಡೀ ಆಟದಲ್ಲಿ ಅತ್ಯಂತ ನಾಜೂಕಿನ ಕೆಲಸ ಮೊದಲ ಒಂದು ಸೆಕೆಂಡಿನಲ್ಲಿ ಮುಗಿದುಹೋಗಿರುತ್ತದೆ. ಆ ಒಂದು ಸೆಕೆಂಡಿನ ಕತೆ ಹೇಳುತ್ತೇನೆ.

ಕೋರ್ಟಿನ ಉದ್ದ 28 ಮೀಟರ್, ಅಗಲ 15 ಮೀಟರ್. ನಟ್ಟನಡುವೆ 1.80 ಮೀಟರ್ ತ್ರಿಜ್ಯದ ಒಂದು ವೃತ್ತ. ಮಧ್ಯದ ಗೆರೆ ಈ ವೃತ್ತವನ್ನು ಎರಡು ಹೋಳು ಮಾಡುತ್ತದೆ. ನೆಗೆಯುವ ಇಬ್ಬರೂ ತಮ್ಮ ತಮ್ಮ ಬುಟ್ಟಿಯ ಕಡೆಯ ಹೋಳಿನಲ್ಲಿ, ಒಂದು ಪಾದ ಮಧ್ಯದ ಗೆರೆಯ ಹತ್ತಿರ ಇಟ್ಟು ನಿಲ್ಲಬೇಕು. ಉಳಿದ ಎಂಟು ಮಂದಿ ವೃತ್ತದ ಹೊರಗೆ. ಯಾರೋ ಒಬ್ಬರು ಚೆಂಡು ತಟ್ಟುವವರೆಗೆ ಅವರ ಬೆರಳು ಕೂಡ ವೃತ್ತದ ಗೆರೆಯ ಮೇಲೆ ಚಾಚಕೂಡದು. ಒಂದೇ ತಂಡದವರು ಅಕ್ಕಪಕ್ಕ ಗೋಡೆಯ ಹಾಗೆ ನಿಂತಿದ್ದು, ಎದುರಾಳಿಗೆ ಆ ಜಾಗದಲ್ಲಿ ನಿಲ್ಲಬೇಕೆನಿಸಿದರೆ ನಡುವೆ ಬಿಟ್ಟುಕೊಡಬೇಕು.

ಇನ್ನು ಚೆಂಡು. ಅದು ಇಬ್ಬರ ನಡುವೆ ನೆಟ್ಟಗೆ ಮೇಲಕ್ಕೆ ಹೋಗಬೇಕು. ಇಬ್ಬರಲ್ಲಿ ಯಾರು ಎಷ್ಟೇ ನೆಗೆದರೂ ಎಟುಕದಷ್ಟು ಎತ್ತರಕ್ಕೆ ಹೋಗಬೇಕು. ತುದಿ ಮುಟ್ಟಿದ ನಂತರವೇ ಅವರು ಅದನ್ನು ತಟ್ಟಬೇಕು. ಏರುವಾಗ ಮುಟ್ಟಿದರೆ ತಪ್ಪು. ಹಿಡಿಯುವಂತಿಲ್ಲ, ಬರೀ ತಟ್ಟಬೇಕು. ಅದೂ ಒಬ್ಬರಿಗೆ ಎರಡು ಸಲ ಮಾತ್ರ. ಇಬ್ಬರೂ ಮುಟ್ಟದೆ ಚೆಂಡು ನೆಲಕ್ಕೆ ಬಿದ್ದರೆ ಮತ್ತೊಮ್ಮೆ ಹಾರಿಸಬೇಕು. ಗಡಿಯಾರ ಓಡಲು ಶುರುವಾಗುವುದು ಚೆಂಡು ನನ್ನ ಕೈ ಬಿಟ್ಟಾಗ ಅಲ್ಲ, ಸರಿಯಾಗಿ ತಟ್ಟಿಸಿಕೊಂಡಾಗ.

‘ಇಷ್ಟೇನಾ? ಚೆಂಡು ಮೇಲಕ್ಕೆ ಎಸೆಯೋದು ಯಾರಿಗೆ ಬರಲ್ಲ?’ ಎಂದು ನನ್ನ ಮಗನೂ ಕೇಳಿದ್ದ. ಹಾಗಾದರೆ ಒಂದು ಲೆಕ್ಕ ಮಾಡೋಣ. ಹೈಸ್ಕೂಲು ಹುಡುಗಿಯರ ಪಂದ್ಯ ಎಂದುಕೊಳ್ಳಿ. ಚೆಂಡು ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ನೆಲದಿಂದ ಹೆಚ್ಚುಕಡಿಮೆ 1.9 ಮೀಟರ್ ಎತ್ತರದಲ್ಲಿ ಅದು ನನ್ನ ಕೈ ಬಿಡುತ್ತದೆ. ನೆಗೆಯುವವರಲ್ಲಿ ಉದ್ದನೆಯವಳ ಕೈ ಎರಡೂವರೆ ಮೀಟರ್ ಎಟುಕುತ್ತದೆ ಎನ್ನಿ. ಹಾಗಾದರೆ ಚೆಂಡು 2.8 ಮೀಟರಿನವರೆಗಾದರೂ ಹೋಗಲಿ. ಅಷ್ಟು ಏರಲು ಅದಕ್ಕೆ ಅರ್ಧ ಸೆಕೆಂಡೂ ಬೇಡ. ಎರಡೂವರೆ ಮೀಟರಿಗೆ ಮರಳಿ ಇಳಿಯಲು ಇನ್ನು ಕಾಲು ಸೆಕೆಂಡು. ಈಗ ನನ್ನ ಎಸೆತ ಬರೀ ಐದು ಡಿಗ್ರಿ ಓರೆಯಾಯಿತು ಎಂದುಕೊಳ್ಳಿ. ಗಡಿಯಾರದ ದೊಡ್ಡ ಮುಳ್ಳು ಒಂದು ನಿಮಿಷದಲ್ಲಿ ಸರಿಯುವುದು ಆರು ಡಿಗ್ರಿ. ಅದಕ್ಕಿಂತಲೂ ಕಡಿಮೆ ಓರೆ. ಆದರೂ ತಟ್ಟುವ ಹೊತ್ತಿಗೆ ಚೆಂಡು ಒಂದು ಗೇಣು ಆಚೆ ಹೋಗಿರುತ್ತದೆ. ನೆಗೆಯುವ ಇಬ್ಬರ ಬೆರಳ ತುದಿಗಳ ನಡುವೆ ಇರುವ ವ್ಯತ್ಯಾಸವೇ ನಾಲ್ಕು ಬೆರಳು, ಆರು ಬೆರಳು. ಒಂದು ಗೇಣು ಯಾರ ಕಡೆ ವಾಲಿತೋ ಚೆಂಡು ಅವರದ್ದು.

ಆದ್ದರಿಂದ ಇದಕ್ಕೂ ಅಭ್ಯಾಸ ಬೇಕು. ಅಂಗೈಯನ್ನು ಚೆಂಡಿನ ಅಡಿಗೆ ಕೊಟ್ಟು, ಮಣಿಕಟ್ಟು ತಿರುಚದೆ, ಮೊಣಕಾಲಿನಿಂದ ಬಲ ತಂದು ಎತ್ತಬೇಕು. ಬೆರಳು ಸವರಿದರೆ ಚೆಂಡು ಗಿರ್ರನೆ ತಿರುಗುತ್ತದೆ, ತಿರುಗಿದರೆ ತಟ್ಟುವವರ ಕೈಯಿಂದ ಜಾರುತ್ತದೆ. ಸೀಟಿ ಬಾಯಲ್ಲಿ ಇರಬಾರದು. ಮೊಣಕೈ ತಗುಲಿದರೆ ಹಲ್ಲಿಗೆ ಸಂಚಕಾರ. ಎಸೆದ ಮೇಲೆ ಹೆದರಿ ಹಿಂದಕ್ಕೆ ಓಡಲೂಬಾರದು, ಯಾರಿಗಾದರೂ ಡಿಕ್ಕಿ ಗ್ಯಾರಂಟಿ. ಎಲ್ಲರೂ ಚೆಂಡಿನ ಹಿಂದೆ ಹೋಗುವವರೆಗೆ ಕಂಬದ ಹಾಗೆ ಅಲ್ಲೇ ನಿಲ್ಲಬೇಕು. ಚೆಂಡು ಏರುವಾಗ ಮುಟ್ಟಿದರೇ, ವೃತ್ತದೊಳಗೆ ಯಾರಾದರೂ ಮೊದಲೇ ನುಗ್ಗಿದರೇ ಎಂದು ನೋಡುವವರು ಪಕ್ಕದ ಗೆರೆಯಲ್ಲಿರುವ ಅಂಪೈರ್. ಗಡಿಯಾರಕ್ಕೆ ಕೈ ಬೀಸಿ ‘ಓಡಲಿ’ ಎನ್ನುವವರೂ ಅವರೇ.

ನಾನು ಇದನ್ನು ಕಲಿತದ್ದು ಕೊಕ್ಕರೆ ಬೆಳ್ಳೂರಿನ ಒಂದು ಹಳೇ ಕಣದಲ್ಲಿ. ಹೌದು, ಮದ್ದೂರು ತಾಲ್ಲೂಕಿನ ಆ ಹಕ್ಕಿಗಳ ಊರೇ ನನ್ನೂರು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಕಾಡಿನಲ್ಲಲ್ಲ, ನಮ್ಮ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಅದಕ್ಕೂ ಬಹಳ ಹಿಂದಿನಿಂದ ಊರಿನವರಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಚಳಿಗಾಲದಲ್ಲಿ ಬಂದವು ಮರಿ ದೊಡ್ಡವಾಗಿ ಮುಂಗಾರು ಹಿಡಿಯುವ ಹೊತ್ತಿಗೆ ಹೊರಡುತ್ತವೆ. ನನಗೆ ಶಾಲೆ ಇಲ್ಲದ ಬೇಸಿಗೆಯೇ ಅವುಗಳ ಬಾಣಂತನದ ಕಾಲ. ಮರಗಳಿರುವ ಕಡೆ ಚೆಂಡು ಹಿಡಿದು ಹೊರಟರೆ ಅಜ್ಜಿ ಗದರುತ್ತಿದ್ದಳು, ‘ಬಾಣಂತಿ ಮನೆ ಮುಂದೆ ಏನ್ಲಾ ನಿನ್ ಚೆಂಡು? ಕಣದ್ ತಾವ್ಕ್ ಓಗು!’

ಹಾಗಾಗಿ ಕಣ. ಅಲ್ಲೊಂದು ಕರೆಂಟು ಕಂಬವಿತ್ತು. ಕಂಬದಿಂದ ಒಂದು ಮೊಳ ದೂರ ನಿಂತು, ಚೆಂಡು ಕಂಬಕ್ಕೆ ತಗುಲದೆ, ಅದರಿಂದ ದೂರವೂ ಸರಿಯದೆ ಏರಿ ಇಳಿಯುವ ಹಾಗೆ ಎಸೆಯುತ್ತಿದ್ದೆ. ದಿನಕ್ಕೆ ನೂರು ಸಲ. ಕೆರೆ ಕಡೆಯಿಂದ ಮೀನು ತುಂಬಿಕೊಂಡು ಬರುವ ಹೆಜ್ಜಾರ್ಲೆಗಳು ತಲೆ ಮೇಲೆ ಹಾದುಹೋಗುತ್ತಿದ್ದವು. ಹಸು ಹೊಡೆದುಕೊಂಡು ಬರುವವರು ನಿಂತು ನೋಡಿ, ‘ಬುಟ್ಟಿನೇ ಇಲ್ವಲ್ಲಪ್ಪ, ಯಾವ್ದುಕ್ ಎಸೀತಿದ್ದೀಯಾ?’ ಎಂದು ನಗುತ್ತಿದ್ದರು.

ಬುಟ್ಟಿ ಎಂದಾಗ ನೆನಪಾಯಿತು. ಈ ಆಟದ ಮೊದಲ ಬುಟ್ಟಿಗಳು ನಿಜವಾಗಿಯೂ ಬುಟ್ಟಿಗಳೇ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು, ಚಳಿಗೆ ಹೊರಗೆ ಆಡಲಾಗದ 18 ವಿದ್ಯಾರ್ಥಿಗಳಿಗಾಗಿ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಹೊಡೆಸಿದರು. ಆಟ ಶುರು ಮಾಡುವುದು ಹೇಗೆ ಎಂಬುದೇ ಅವರಿಗೆ ದೊಡ್ಡ ಚಿಂತೆ. ಚೆಂಡನ್ನು ಒಂದು ತಂಡಕ್ಕೆ ಕೊಟ್ಟರೆ ಇನ್ನೊಂದಕ್ಕೆ ಅನ್ಯಾಯ. ನಡುವೆ ಇಟ್ಟು ಎಲ್ಲರನ್ನೂ ಓಡಿಸಿದರೆ ಕೈಕಾಲು ಮುರಿತ. ಕಡೆಗೆ, ತಂಡಕ್ಕೊಬ್ಬರನ್ನು ನಿಲ್ಲಿಸಿ ನಡುವೆ ಚೆಂಡು ಹಾರಿಸಿದರು. ಮುಂದೆ ಬಹಳ ಕಾಲ ಪ್ರತಿ ಸಲ ಬುಟ್ಟಿಗೆ ಚೆಂಡು ಬಿದ್ದಾಗಲೂ ನಡುವೆ ಬಂದು ಮತ್ತೆ ಹಾರಿಸಬೇಕಿತ್ತು. ಉದ್ದನೆಯ ಆಟಗಾರನಿದ್ದ ತಂಡಕ್ಕೆ ಹಬ್ಬ! ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಈ ಪದ್ಧತಿ ನಿಂತದ್ದು 1937ರಲ್ಲಿ.

ಈಗ ಅಂತಾರಾಷ್ಟ್ರೀಯ ನಿಯಮದಲ್ಲಿ ಇಡೀ ಪಂದ್ಯಕ್ಕೆ ಜಂಪ್ ಬಾಲ್ ಇರುವುದು ಒಂದೇ ಸಲ, ಆರಂಭದಲ್ಲಿ. ಅದನ್ನು ಕಳೆದುಕೊಂಡವರಿಗೂ ಒಂದು ಸಮಾಧಾನವಿದೆ. ಸ್ಕೋರರ್ ಮೇಜಿನ ಮೇಲೆ ಒಂದು ಬಾಣದ ಗುರುತು ನೋಡಿದ್ದೀರಾ? ಮೊದಲು ಚೆಂಡು ಯಾರ ವಶವಾಯಿತೋ, ಬಾಣ ಇನ್ನೊಂದು ತಂಡದ ಪಾಲಿಗೆ ತಿರುಗುತ್ತದೆ. ಮುಂದೆ ಇಬ್ಬರು ಒಟ್ಟಿಗೆ ಚೆಂಡು ಹಿಡಿದು ಬಿಡದೆ ಎಳೆದಾಡಿದಾಗ, ಅಥವಾ ಎರಡನೇ ಕ್ವಾರ್ಟರ್ ಶುರುವಾಗುವಾಗ, ಬಾಣ ಇರುವ ತಂಡಕ್ಕೇ ಚೆಂಡು. ಕೊಟ್ಟ ಕೂಡಲೇ ಬಾಣ ಮತ್ತೆ ಆ ಕಡೆಗೆ. ಮನೆಯಲ್ಲಿ ಅಣ್ಣತಮ್ಮಂದಿರಿಗೆ ಕಿಟಕಿ ಪಕ್ಕದ ಸೀಟು ಹಂಚುವ ಹಾಗೆ! ಅರ್ಧ ಕೋರ್ಟಿನ ಮೂವರ ಆಟದಲ್ಲಿ ಮಾತ್ರ ಜಂಪ್ ಬಾಲೇ ಇಲ್ಲ. ಅಲ್ಲಿ ಮೊದಲ ಚೆಂಡು ಯಾರಿಗೆಂದು ನಿರ್ಧರಿಸುವುದು ನಾಣ್ಯ. ‘ಟಾಸ್ ಯಾರು ಗೆದ್ರು?’ ಎಂದು ಅಲ್ಲಿ ಧಾರಾಳವಾಗಿ ಕೇಳಬಹುದು.

ಕೆಲವು ವರ್ಷಗಳ ಹಿಂದೆ ಒಂದು ಶಾಲಾ ಕ್ರೀಡಾಕೂಟದಲ್ಲಿ ಹುಡುಗಿಯರ ಫೈನಲ್. ಒಂದು ತಂಡ ಪಟ್ಟಣದ್ದು, ಇನ್ನೊಂದು ನಮ್ಮೂರ ಕಡೆಯದು. ತಾಲ್ಲೂಕಿನಲ್ಲಿ ನಿಯಮ ಬಲ್ಲ ರೆಫರಿಗಳು ಬೆರಳೆಣಿಕೆ, ಆದ್ದರಿಂದ ಸರದಿ ನನಗೇ ಬಂತು. ಪಟ್ಟಣದ ತಂಡದ ಮೇಡಂಗೆ ಮೊದಲೇ ಹೋಗಿ ಹೇಳಿದೆ, ‘ನೋಡಿ, ನಾನು ಆ ಕಡೆಯವನು. ಬೇಡವೆಂದರೆ ಅಂಪೈರ್ ಆಗಿ ನಿಲ್ಲುತ್ತೇನೆ.’ ಅವರು ಒಂದು ಗಳಿಗೆ ನನ್ನ ಮುಖ ನೋಡಿ, ‘ಇರಲಿ ಸಾರ್, ನೀವೇ ಹಾಕಿ’ ಎಂದರು.

ನಮ್ಮ ಕಡೆಯಿಂದ ನೆಗೆಯಲು ಬಂದವಳು ಎರಡು ಜಡೆಯ, ಸಣಕಲು ಹುಡುಗಿ. ಎದುರಿನವಳು ಅವಳಿಗಿಂತ ಅರ್ಧ ತಲೆ ಉದ್ದ. ಊರಿನಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ನನ್ನ ಚಿಕ್ಕಪ್ಪನೂ ಇದ್ದ. ಚೆಂಡು ತೆಗೆದುಕೊಳ್ಳಲು ಮೇಜಿನ ಹತ್ತಿರ ಹೋದಾಗ ಮೆಲ್ಲಗೆ ಪಕ್ಕಕ್ಕೆ ಬಂದು, ‘ವಸಿ ನಮ್ ಕಡೀಕ್ ವಾಲ್ಸ್ಲಾ, ಯಾರ್ಗ್ ಗೊತ್ತಾಯ್ತದೆ?’ ಎಂದ. ತಮಾಷೆಯ ದನಿಯೇ. ಆದರೆ ಪೂರ್ತಿ ತಮಾಷೆಯಲ್ಲ. ಅವನು ಹೇಳಿದ್ದರಲ್ಲಿ ಒಂದು ನಿಜವೂ ಇತ್ತು: ಒಂದು ಗೇಣು ವಾಲಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಚೆಂಡು ನೆಟ್ಟಗೆ ಹೋಯಿತು. ನಮ್ಮ ಹುಡುಗಿ ಚೆಂಡಿನ ಜೊತೆಗೇ ನೆಗೆದಳು. ಇನ್ನೂ ಏರುತ್ತಿದ್ದ ಚೆಂಡನ್ನು ಪಟ್ಟೆಂದು ಬಡಿದು ತನ್ನ ಗೆಳತಿಗೆ ಕಳಿಸಿದಳು. ಊರಿನವರ ಕೇಕೆ ಮುಗಿಯುವ ಮೊದಲೇ ಅಂಪೈರ್ ಸೀಟಿ ಊದಿದರು. ತುದಿ ಮುಟ್ಟುವ ಮೊದಲೇ ತಟ್ಟಿದ್ದು ವೈಲೇಷನ್, ಚೆಂಡು ಎದುರು ತಂಡಕ್ಕೆ. ಅಂಪೈರ್ ನನ್ನ ಕಡೆ ನೋಡಿದರು, ನಾನು ಪಟ್ಟಣದ ತಂಡದ ದಿಕ್ಕಿಗೆ ಕೈ ತೋರಿಸಿದೆ. ಟೆಂಪೋ ಬಳಿಯಿಂದ ಬಂದ ಮಾತುಗಳನ್ನು ಈ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಬಾಣ ನಮ್ಮ ಕಡೆಯವರಿಗೆ ತಿರುಗಿತು. ಎರಡನೇ ಕ್ವಾರ್ಟರ್ ಆ ಚೆಂಡಿನಿಂದಲೇ ಶುರುವಾಗಿ, ಅದರಿಂದಲೇ ಎರಡು ಅಂಕವೂ ಬಂತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಅನ್ನಿ. ಪಂದ್ಯ ನಾಲ್ಕು ಅಂಕದಿಂದ ಸೋತಿತು. ಸಂಜೆ ಮದ್ದೂರಿನ ಹೋಟೆಲಿನಲ್ಲಿ ಎಲ್ಲರೂ ವಡೆ ತಿನ್ನುತ್ತಿದ್ದಾಗ ಚಿಕ್ಕಪ್ಪ ನನಗೆ ಬೆನ್ನು ಹಾಕಿ ಕೂತಿದ್ದ. ಹೊರಡುವಾಗ ಮಾತ್ರ, ‘ಚೆಂಡು ನಿನ್ ಕೈಯಾಗೇ ಇತ್ತಲ್ಲೋ’ ಎಂದ. ‘ಕೈಯಲ್ಲಿರೋವರೆಗೂ ಅದು ಆಟದ ಚೆಂಡೇ ಅಲ್ಲ ಚಿಕ್ಕಪ್ಪ, ಬಿಟ್ಟ ಮೇಲೇ ಅದಕ್ಕೆ ಜೀವ’ ಎಂದೆ. ನಿಯಮವೂ ಹಾಗೆಯೇ ಇದೆ. ಅವನು ಕೇಳಿಸಿಕೊಳ್ಳಲಿಲ್ಲ. ಹದಿನೈದು ದಿನ ನಮ್ಮನೆ ಕಡೆ ಸುಳಿಯಲೂ ಇಲ್ಲ.

ಆ ಹುಡುಗಿ ಮಾತ್ರ ಮುಂದಿನ ಭಾನುವಾರವೇ ಬಂದಳು. ಕೋಪವಿರಲಿಲ್ಲ, ಒಂದು ಪ್ರಶ್ನೆ ಇತ್ತು. ‘ಸಾರ್, ತುದಿ ತುದಿ ಅಂತಾರೆ. ಚೆಂಡಿಗೆ ತುದಿ ಬಂತು ಅಂತ ಗೊತ್ತಾಗೋದು ಹೇಗೆ?’

ಎಷ್ಟು ಒಳ್ಳೆಯ ಪ್ರಶ್ನೆ! ಅವಳನ್ನು ಅದೇ ಕಣಕ್ಕೆ ಕರೆದುಕೊಂಡು ಹೋದೆ. ತಿರುಗದ ಹಾಗೆ ಚೆಂಡು ಹಾರಿಸುತ್ತಾ, ನೆಗೆಯಬೇಡ, ಬರೀ ನೋಡು ಎಂದೆ. ಏರುವಾಗಲೂ ಇಳಿಯುವಾಗಲೂ ಚೆಂಡಿನ ಮೇಲಿನ ಅಕ್ಷರಗಳು ಕಲಸಿಕೊಂಡು ಕಾಣುತ್ತವೆ. ನಡುವೆ ಒಂದು ಗಳಿಗೆ ಅಕ್ಷರ ಓದಲು ಸಿಗುತ್ತದೆ. ಅದೇ ತುದಿ. ಅಲ್ಲಿ ಚೆಂಡು ಒಂದು ಕ್ಷಣ ನಿಲ್ಲುತ್ತದೆ. ಚೆಂಡು ನಿಂತಾಗ ನೆಲ ಬಿಡಬೇಕು. ನಾವು ಮೇಲೆ ತಲುಪಲು ತೆಗೆದುಕೊಳ್ಳುವ ಕಾಲು ಸೆಕೆಂಡಿನಲ್ಲಿ ಚೆಂಡು ನಮ್ಮ ಬೆರಳಿನ ಎತ್ತರಕ್ಕೆ ತಾನೇ ಇಳಿದು ಬರುತ್ತದೆ. ಉದ್ದನೆಯವರು ಎಷ್ಟೋ ಸಲ ಅವಸರಪಟ್ಟು ಮೊದಲೇ ನೆಗೆದು, ಚೆಂಡು ಬರುವ ಹೊತ್ತಿಗೆ ತಾವು ಇಳಿಯುತ್ತಿರುತ್ತಾರೆ. ಕುಳ್ಳಗಿರುವವರ ಪಾಲಿನ ಸಂದು ಅದೇ.

ಕುಳ್ಳಗಿರುವವರು ಎಂದಾಗ 2017ರ ಜುಲೈ ಹೇಳದಿದ್ದರೆ ಆಗದು. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ನಡೆದಾಗ ರಜೆ ಹಾಕಿ ಹೋಗಿದ್ದೆ. ನಮ್ಮ ಭಾರತ ತಂಡ ‘ಬಿ’ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ‘ಎ’ ವಿಭಾಗಕ್ಕೆ ಏರಿತು. ‘ಎ’ ವಿಭಾಗದ ಫೈನಲ್‌ನಲ್ಲಿ ಜಪಾನಿನ ಪುಟ್ಟ ಹುಡುಗಿಯರು ತಮಗಿಂತ ಎತ್ತರದ ಆಸ್ಟ್ರೇಲಿಯಾವನ್ನು ಒಂದೇ ಅಂಕದಿಂದ, 74-73ರಿಂದ ಗೆದ್ದರು. ಆ ಹುಡುಗಿಗೆ ಇದನ್ನು ಹೇಳಿದಾಗ, ‘ಅವರೂ ಕರೆಂಟು ಕಂಬದ ಪಕ್ಕ ಅಭ್ಯಾಸ ಮಾಡಿದ್ರಾ ಸಾರ್?’ ಎಂದು ಕೇಳಿ ಕಿಸಕ್ಕನೆ ನಕ್ಕಳು.

ಈಗ ಅವಳು ಕಾಲೇಜು. ರೆಫರಿ ಪರೀಕ್ಷೆಗೆ ಓದುತ್ತಿದ್ದಾಳೆ. ಹೋದ ತಿಂಗಳು ನಮ್ಮ ಶಾಲೆಯ ಚಿಕ್ಕ ಮಕ್ಕಳ ಆಟಕ್ಕೆ ಚೆಂಡು ಹಾರಿಸಲು ಅವಳನ್ನು ನಿಲ್ಲಿಸಿ, ನಾನು ಅಂಪೈರ್ ಜಾಗಕ್ಕೆ ಹೋದೆ. ನೋಡಲು ಚಿಕ್ಕಪ್ಪನೂ ಬಂದಿದ್ದ. ಮೊದಲ ಎಸೆತ ಒಂದು ಗೇಣು ಎಡಕ್ಕೆ ಹೋಯಿತು. ನಾನು ಸೀಟಿ ಊದಿ, ಇನ್ನೊಂದು ಸಲ ಎಂದು ಕೈ ಮಾಡಿದೆ. ಅವಳು ಚೆಂಡು ಎತ್ತಿಕೊಂಡು, ಅಂಗಿಗೆ ಅಂಗೈ ಒರೆಸಿಕೊಂಡು, ಮತ್ತೆ ವೃತ್ತದೊಳಕ್ಕೆ ಹೋದಳು.